ಕಿಟಕಿ ತೆರೆಯಲು ಇಷ್ಟು ಹೊತ್ತೇಕೆ?

ಕಾಯುವದು ನಮ್ಮ ಭಾಗದವರಿಗೆ ಹೊಸದಲ್ಲ. ಇಂಡಿಯ ನಿಲ್ದಾಣದಲ್ಲಿ ಬಸ್ಸಿಗಾಗಿ ಕಾಯುತ್ತೇವೆ; ಸಿಂದಗಿಯ ಹೊಲಗಳಲ್ಲಿ ಮಳೆಗಾಗಿ ಕಾಯುತ್ತೇವೆ; ಮುದ್ದೇಬಿಹಾಳದ ಕಡೆಗೆ ಕಾಲುವೆಯ ನೀರಿಗಾಗಿ ಕಾಯುತ್ತೇವೆ; ಬಸವನ ಬಾಗೇವಾಡಿಯ ಸಂತೆಯಲ್ಲಿ ಉಳ್ಳಾಗಡ್ಡಿಯ ದರ ಏರಲೆಂದು ಕಾಯುತ್ತೇವೆ. ಇವುಗಳಲ್ಲಿ ಕೆಲವು ದೈವಾಧೀನ, ಕೆಲವು ಸರಕಾರಾಧೀನ. ಆದರೆ ಈಚಿನ ವರುಷಗಳಲ್ಲಿ ಇನ್ನೊಂದು ಬಗೆಯ ಕಾಯುವಿಕೆ ನಮ್ಮ ಪಾಲಿಗೆ ಬಂದಿದೆ. ಅಂಗೈಯೊಳಗಿನ ಫೋನಿನಲ್ಲಿ ಒಂದು ಜಾಲತಾಣವನ್ನು ತೆರೆದು, ಒಂದು ಗುಂಡಿಯನ್ನು ಒತ್ತಿ, ಪುಟದ ಮೇಲೆ ಒಂದು ಸಣ್ಣ ಕಿಟಕಿ ತೆರೆದುಕೊಂಡೀತೆಂದು ರೆಪ್ಪೆ ಬಡಿಯದೆ ಕೂಡ್ರುವ ಕಾಯುವಿಕೆ ಅದು. ಕಿಟಕಿ ತೆರೆಯುವದಿಲ್ಲ. ತೆರೆದರೂ ಅದರೊಳಗಿನ ಚಿತ್ರ ಬರುವದಿಲ್ಲ. ಬಂದ ಚಿತ್ರವನ್ನು ಮುಚ್ಚಿ ಮತ್ತೆ ತೆರೆದರೆ, ಅದೇ ಚಿತ್ರ ಮೊದಲಿನಿಂದ ತೆವಳುತ್ತ ಬರುತ್ತದೆ.

"ಏನ್ ಮಾಡೂದ್ರಿ, ನಮ್ಮ ಕಡೆ ನೆಟ್‌ವರ್ಕ್ ಇಲ್ಲ" ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಈ ಸಮಾಧಾನವು ಬಹಳ ಸಲ ಸುಳ್ಳು ಎಂಬದೇ ನನ್ನ ಈ ಲೇಖನದ ಅಭಿಪ್ರಾಯ. ಅನೇಕ ವೇಳೆ ತಪ್ಪು ಹಳ್ಳಿಯದಲ್ಲ, ಗೋಪುರದ್ದೂ ಅಲ್ಲ. ಆ ಪುಟವನ್ನು ಕಟ್ಟಿದವನದು. ಹಾಗೆ ಕಟ್ಟಿದವರಲ್ಲಿ ನಾನೂ ಒಬ್ಬನಾದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳಬಲ್ಲೆ.

ಕಥೆಗೆ ಮೊದಲು ಈ ಕಿಟಕಿಯ ಪರಿಚಯವನ್ನು ಎರಡು ಮಾತಿನಲ್ಲಿ ಮಾಡಿಕೊಡಬೇಕು. ಯಾವದಾದರೊಂದು ಚಿತ್ರವನ್ನೋ ಹೆಸರನ್ನೋ ಒತ್ತಿದಾಗ ಹಿಂದಿನ ಪುಟವೆಲ್ಲ ಮಬ್ಬಾಗಿ, ನಡುವೆ ಒಂದು ಚೌಕು ಮೂಡುತ್ತದಲ್ಲವೇ? ಅದನ್ನು ಮುಚ್ಚುವವರೆಗೆ ಕೆಳಗಿನ ಪುಟ ನಿಮ್ಮ ಮಾತು ಕೇಳುವದಿಲ್ಲ. ಇದಕ್ಕೆ ಮೋಡಲ್ ಪಾಪ್‌ಅಪ್ ಎನ್ನುತ್ತಾರೆ. ಕಚೇರಿಯ ಬಾಗಿಲಲ್ಲಿ ನಿಂತ ಸಿಪಾಯಿಯಂತೆ "ಮೊದಲು ನನಗೆ ಉತ್ತರ ಹೇಳು, ಆಮೇಲೆ ಒಳಗೆ ಹೋಗು" ಎನ್ನುವ ಕಿಟಕಿ ಇದು. ಸಿಪಾಯಿ ಚುರುಕಾಗಿದ್ದರೆ ಕೆಲಸ ಸುಸೂತ್ರ. ಅವನೇ ತೂಕಡಿಸುತ್ತಿದ್ದರೆ ಒಳಗಿನ ಸಾಹೇಬರು ಎಷ್ಟು ಚುರುಕಾಗಿದ್ದರೇನು?

ಇದರ ಇತಿಹಾಸವೂ ಸ್ವಾರಸ್ಯವಾಗಿದೆ. ಜಿನೀವಾ ನಗರದ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ೧೯೮೯ರಲ್ಲಿ ಜಾಲದ ಯೋಜನೆಯನ್ನು ಮುಂದಿಟ್ಟರು. ಅವರ ಮೊದಲ ಬ್ರೌಸರಿನಲ್ಲಿ ಚಿತ್ರಗಳು ಬರಹದ ನಡುವೆ ಬರುತ್ತಿರಲಿಲ್ಲ. ಬೇರೊಂದು ಕಿಟಕಿಯಲ್ಲಿಯೇ ತೆರೆಯುತ್ತಿದ್ದವು. ೧೯೯೩ರಲ್ಲಿ ಅಮೇರಿಕೆಯ ಮಾರ್ಕ್ ಆಂಡ್ರೀಸನ್ ಎಂಬ ತರುಣರು, ಬರಹದ ಸಾಲುಗಳ ನಡುವೆಯೇ ಚಿತ್ರವನ್ನು ಕೂಡ್ರಿಸುವ ಗುರುತನ್ನು ಸೂಚಿಸಿದರು. ಮೊಸಾಯಿಕ್ ಎಂಬ ಬ್ರೌಸರು ಅದನ್ನು ಜನರ ಬಳಿಗೆ ತಂದಿತು. ಮುಂದೆ ಜಾಹೀರಾತಿಗಾಗಿ ಕರೆಯದೆ ಬರುವ ಕಿಟಕಿಗಳು ಹುಟ್ಟಿಕೊಂಡವು. ಅಂಥ ಕಿಟಕಿಯ ಕೋಡ್ ಬರೆದವರಲ್ಲೊಬ್ಬರಾದ ಈಥನ್ ಝುಕರ್‌ಮನ್ ಎಂಬವರು ೨೦೧೪ರಲ್ಲಿ ಒಂದು ಲೇಖನ ಬರೆದು ಬಹಿರಂಗವಾಗಿ ಕ್ಷಮೆ ಕೇಳಿದರು. ನಾನಂತೂ ಅವರಷ್ಟು ದೊಡ್ಡವನಲ್ಲ. ಆದರೆ ನನ್ನ ಕ್ಷಮಾಪಣೆಯೂ ಒಂದು ಬಾಕಿ ಇದೆ. ಅದನ್ನೇ ಈಗ ಸಲ್ಲಿಸುತ್ತಿದ್ದೇನೆ.

ನಾವು ನಾಲ್ವರು ಗೆಳೆಯರು. ಒಬ್ಬ ಇಂಡಿಯವ, ಒಬ್ಬ ಮುದ್ದೇಬಿಹಾಳದವ, ಒಬ್ಬ ಬಸವನ ಬಾಗೇವಾಡಿಯವ. ನಾನು ಸಿಂದಗಿ ತಾಲೂಕಿನವ. ನಾಲ್ಕೂ ತಾಲೂಕುಗಳ ಚಿತ್ರಗಳನ್ನು ಒಂದೆಡೆ ಕೂಡಿಸಿ ಒಂದು ಜಾಲತಾಣ ಮಾಡೋಣವೆಂದು ನಮಗೆ ಹುರುಪು ಬಂದಿತು. ಇಂಡಿಯ ನಿಂಬೆಯ ತೋಟ, ಬಾಗೇವಾಡಿಯ ಬಸವೇಶ್ವರ ದೇವಾಲಯ, ಭೀಮಾ ನದಿಯ ದಂಡೆ, ಮುದ್ದೇಬಿಹಾಳದ ಕಡೆಯ ಕೃಷ್ಣೆಯ ಹರವು, ಹಿಂಗಾರಿ ಜೋಳದ ತೆನೆ, ಮೊದಲು ಬಾಗೇವಾಡಿ ತಾಲೂಕಿನಲ್ಲಿದ್ದು ಈಗ ನಿಡಗುಂದಿಗೆ ಸೇರಿದ ಆಲಮಟ್ಟಿಯ ಜಲಾಶಯ, ಹೀಗೆ ಒಟ್ಟು ೨೪ ಚಿತ್ರಗಳು. ಯಾವದೇ ಸಣ್ಣ ಚಿತ್ರವನ್ನು ಒತ್ತಿದರೆ ಮೇಲೆ ಕಿಟಕಿ ತೆರೆದು, ದೊಡ್ಡ ಚಿತ್ರವೂ ಅದರ ಕೆಳಗೆ ನಾಲ್ಕು ಸಾಲು ವಿವರಣೆಯೂ ಕಾಣಬೇಕು. ಕಾಲೇಜಿನ ಗಣಕಯಂತ್ರದ ಕೋಣೆಯಲ್ಲಿ ಅದು ಕುದುರೆಯಂತೆ ಓಡಿತು. ಗುರುಗಳು ಬೆನ್ನು ತಟ್ಟಿದರು. ನಮಗೆ ನೆಲ ಕಾಣದಂತಾಯಿತು.

ಕುದುರೆ ಓಡಿದ್ದರ ಗುಟ್ಟು ಏನೆಂದರೆ, ಚಿತ್ರಗಳು ಅದೇ ಯಂತ್ರದ ಹೊಟ್ಟೆಯೊಳಗೇ ಇದ್ದವು. ಅಡಿಗೆಮನೆಯಲ್ಲಿ ಕುಳಿತವನಿಗೆ ಊಟ ಬೇಗನೆ ಸಿಕ್ಕಿತೆಂದರೆ ಅದು ಬಡಿಸುವವನ ಹೆಚ್ಚುಗಾರಿಕೆಯಲ್ಲ. ಇದು ನಮಗೆ ಆಗ ಹೊಳೆಯಲಿಲ್ಲ.

ಜಾಲತಾಣವನ್ನು ಲೋಕಕ್ಕೆ ತೆರೆದ ದಿನ ಸಂಜೆ ನಮ್ಮ ಕಾಕಾನಿಗೆ ವಿಳಾಸ ಕಳಿಸಿದೆ. ಅವರಿರುವದು ಸಿಂದಗಿ ತಾಲೂಕಿನ ಒಂದು ಹಳ್ಳಿಯಲ್ಲಿ. ಅವರ ಫೋನು ಸಾದಾ ಫೋನು. ದಿನಕ್ಕೆ ಒಂದು ಜಿ.ಬಿ. ಡೇಟಾ ಬರುವ ಪ್ಯಾಕು. ಅರ್ಧ ತಾಸಿನಲ್ಲಿ ಅವರ ಕರೆ ಬಂದಿತು.

"ತಮ್ಮಾ, ಚಿತ್ರ ಭಾಳ ಚಲೋ ಅದಾವಂತ ಹೇಳಿದ್ದಿ. ಒತ್ತಿ ಒತ್ತಿ ಬಟ್ಟ ನೋಯಾಕ ಹತ್ಯಾವು, ನಿನ್ನ ಕಿಟಕಿ ತೆರೀವಲ್ದು."

ನಾನು ತಡಮಾಡದೆ ತೀರ್ಪು ಕೊಟ್ಟೆ: "ಕಾಕಾ, ನಿಮ್ಮೂರಾಗ ನೆಟ್‌ವರ್ಕ್ ಇಲ್ಲ. ಮಾಳಿಗಿ ಮ್ಯಾಲ ಹೋಗಿ ನೋಡ್ರಿ."

ಪಾಪ, ಅವರು ಮಾಳಿಗೆಯ ಮೇಲೆ ಹತ್ತಿದರು. ನೆರೆಮನೆಯವರೂ ಹತ್ತಿದರು. ಮಗನ ಸಮಾನನಾದವನು ಏನೋ ಮಾಡಿದ್ದಾನೆಂಬ ಅಭಿಮಾನ ಅವರಿಗೆ. ಒಬ್ಬರಾದ ಮೇಲೊಬ್ಬರಿಗೆ ತೋರಿಸಿದರು, ಮುಚ್ಚಿದರು, ತೆರೆದರು. ರಾತ್ರಿ ಒಂಬತ್ತರ ಸುಮಾರಿಗೆ ಆ ದಿನದ ಡೇಟಾ ಪೂರ್ತಿ ತೀರಿತು.

ಅಷ್ಟೇ ಆಗಿದ್ದರೆ ನಗೆಯ ಮಾತಾಗುತ್ತಿತ್ತು. ಆದರೆ ಅದೇ ರಾತ್ರಿ ಕಾಕಾನ ಮಗಳು, ನನ್ನ ತಂಗಿ, ಆ ಒಂದೇ ಫೋನಿನಲ್ಲಿ ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುವವಳಿದ್ದಳು. ಮರುದಿನ ಕಡೆಯ ದಿನ. ಅರ್ಜಿಯ ಪುಟ ತೆರೆಯಲಿಲ್ಲ. ಮುಂಜಾನೆಯ ಬಸ್ಸಿಗೆ ಅಪ್ಪ ಮಗಳು ಇಬ್ಬರೂ ಸಿಂದಗಿಗೆ ಹೋದರು. ಅವಳಿಗೆ ಒಂದು ದಿನದ ಪಾಠ ತಪ್ಪಿತು. ಕಾಕಾನಿಗೆ ಒಂದು ದಿನದ ಕೂಲಿ ತಪ್ಪಿತು. ಅರ್ಜಿ ತುಂಬಿಸಿದ್ದಕ್ಕೆ ಅಂಗಡಿಯವನಿಗೆ ಹಣವನ್ನೂ ತೆರಬೇಕಾಯಿತು. ದೈವವಶಾತ್ ಅರ್ಜಿ ಹೋಯಿತು. ಸಂಜೆ ತಂಗಿ ನನಗೆ ಫೋನು ಮಾಡಿ ಕೇಳಿದ್ದು ಒಂದೇ ಪ್ರಶ್ನೆ:

"ಅಣ್ಣಾ, ಇಪ್ಪತ್ನಾಕು ಫೋಟೋಕ ಒಂದ್ ದಿನದ ಡೇಟಾ ಹ್ಯಾಂಗ ಮುಗೀತೈತಿ?"

ಸಿಟ್ಟಿನಿಂದ ಕೇಳಿದ್ದರೆ ನಾನೂ ಏನಾದರೂ ಹೇಳಿ ಪಾರಾಗುತ್ತಿದ್ದೆ. ಅವಳು ಲೆಕ್ಕ ಕೇಳಿದಳು. ನನ್ನಲ್ಲಿ ಲೆಕ್ಕವಿರಲಿಲ್ಲ.

ಮರುದಿನ ನಾಲ್ವರೂ ಗಣಕಯಂತ್ರದ ಮುಂದೆ ಕುಳಿತೆವು. ಬ್ರೌಸರಿನಲ್ಲಿ ಎಫ್ ೧೨ ಎಂಬ ಕೀಲಿಯನ್ನು ಒತ್ತಿದರೆ ಒಂದು ಪರೀಕ್ಷೆಯ ಫಲಕ ತೆರೆಯುತ್ತದೆ. ಅದರಲ್ಲಿ ನೆಟ್‌ವರ್ಕ್ ಎಂಬ ಭಾಗವಿದೆ. ಪುಟವು ಯಾವ ಯಾವ ಕಡತವನ್ನು ತರಿಸಿತು, ಪ್ರತಿಯೊಂದರ ತೂಕವೆಷ್ಟು, ಬರಲು ಎಷ್ಟು ಹೊತ್ತಾಯಿತು ಎಂಬ ಸಂಪೂರ್ಣ ಜಮಾಖರ್ಚು ಅಲ್ಲಿ ಸಾಲುಸಾಲಾಗಿ ಬರುತ್ತದೆ. ಅಷ್ಟೇ ಅಲ್ಲ, ನಿಧಾನವಾದ ನೆಟ್‌ವರ್ಕನ್ನು ಬೇಕೆಂದೇ ಅನುಕರಿಸುವ ಸೌಕರ್ಯವೂ ಅಲ್ಲಿದೆ. ಪಟ್ಟಣದಲ್ಲಿ ಕುಳಿತು ಹಳ್ಳಿಯ ಅನುಭವ ಪಡೆಯಬಹುದು. ಮೊದಲ ದಿನವೇ ಈ ಫಲಕವನ್ನು ನೋಡಿದ್ದರೆ ಕಾಕಾ ಮಾಳಿಗೆ ಹತ್ತಬೇಕಾಗುತ್ತಿರಲಿಲ್ಲ.

ಕಂಡ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತೇನೆ. ನಮ್ಮ ಸಹಪಾಠಿಗಳಲ್ಲಿ ಎಷ್ಟೋ ಜನ ಇಂದು ಜಾಲತಾಣ ಕಟ್ಟುತ್ತಿರುವದರಿಂದ ಇದು ಅವರ ಉಪಯೋಗಕ್ಕೆ ಬಂದೀತು.

ಮೊದಲನೆಯದು ಚಿತ್ರಗಳ ಗಾತ್ರ. ಫೋನಿನ ಕ್ಯಾಮರಾದಿಂದ ಬಂದ ಚಿತ್ರಗಳನ್ನು ಇದ್ದಕ್ಕಿದ್ದ ಹಾಗೆಯೇ ಏರಿಸಿಬಿಟ್ಟಿದ್ದೆವು. ಒಂದೊಂದು ೪ ಎಮ್.ಬಿ. ತೂಗುತ್ತಿತ್ತು. ಇಪ್ಪತ್ನಾಲ್ಕು ಸೇರಿ ೯೬ ಎಮ್.ಬಿ. ಆಯಿತು. ಸಣ್ಣ ಚೌಕಿನಲ್ಲಿ ತೋರಿಸುವದಕ್ಕೂ ಅದೇ ದೊಡ್ಡ ಚಿತ್ರವನ್ನು ಕುಗ್ಗಿಸಿ ಬಳಸಿದ್ದೆವು. ಕಣ್ಣಿಗೆ ಕುಗ್ಗಿದರೂ ತೂಕ ಕುಗ್ಗುವದಿಲ್ಲ. ಇದಲ್ಲದೆ ಇನ್ನೊಂದು ಮಾತಿದೆ. ಅಗಲ ೪೦೦೦, ಎತ್ತರ ೩೦೦೦ ಚುಕ್ಕೆಗಳ ಒಂದು ಚಿತ್ರದಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ ಚುಕ್ಕೆಗಳಿರುತ್ತವೆ. ತೆರೆಯ ಮೇಲೆ ಬಿಡಿಸುವಾಗ ಸಾಧಾರಣವಾಗಿ ಒಂದೊಂದು ಚುಕ್ಕೆಗೆ ನಾಲ್ಕು ಬೈಟು ಸ್ಮರಣೆ ಬೇಕು. ಅಂದರೆ ಒಂದೇ ಚಿತ್ರಕ್ಕೆ ಸುಮಾರು ೪೮ ಎಮ್.ಬಿ. ಸಾದಾ ಫೋನಿಗೆ ಇದು ಎತ್ತಲಾರದ ಮೂಟೆ. ಸ್ಮರಣೆ ಸಾಲದಾದಾಗ ಫೋನು ಹಿಂದಿರುವ ಪುಟವನ್ನು ಒಗೆದುಬಿಡುತ್ತದೆ. ನೋಡುವವನು ಮರಳಿ ಬಂದಾಗ ಎಲ್ಲವನ್ನೂ ಮೊದಲಿನಿಂದ ತರಿಸುತ್ತದೆ. ಚಿತ್ರ ತಾನಾಗಿಯೇ ಮತ್ತೆ ಮತ್ತೆ ಬರುವದಕ್ಕೆ ಇದೂ ಒಂದು ಕಾರಣ.

ಎರಡನೆಯದು ಸಂಗ್ರಹದ ವಿಚಾರ. ಇದೇ ಮುಖ್ಯವಾದದ್ದು. ನಮ್ಮ ಹಿರಿಯರು ಸುಗ್ಗಿಯಲ್ಲಿ ಬಂದ ಜೋಳವನ್ನು ಹಗೇವಿನಲ್ಲಿ ತುಂಬಿ ಇಡುತ್ತಿದ್ದರು. ಬೇಕಾದಾಗ ತೆಗೆದು ಬೀಸುತ್ತಿದ್ದರು. ದಿನಾಲು ಸಂತೆಗೆ ಓಡುತ್ತಿರಲಿಲ್ಲ. ಬ್ರೌಸರಿಗೂ ಇಂಥದೊಂದು ಹಗೇವು ಇದೆ. ಅದಕ್ಕೆ ಕ್ಯಾಶ್ ಎಂದು ಹೆಸರು. ಒಮ್ಮೆ ತಂದ ಚಿತ್ರವನ್ನು ಅದು ಅಲ್ಲಿ ಇಟ್ಟುಕೊಂಡು, ಎರಡನೆಯ ಸಲ ಒಳಗಿನಿಂದಲೇ ಕೊಡುತ್ತದೆ. ಎಷ್ಟು ದಿನ ಇಟ್ಟುಕೊಳ್ಳಬಹುದೆಂಬದನ್ನು ಚಿತ್ರ ಕಳಿಸುವ ಸರ್ವರು ಒಂದು ಚೀಟಿಯಲ್ಲಿ ಬರೆದು ಕಳಿಸಬೇಕು. ೧೯೯೭ರಲ್ಲಿ ಪ್ರಕಟವಾದ ಎಚ್.ಟಿ.ಟಿ.ಪಿ. ೧.೧ ನಿಯಮಾವಳಿಯಲ್ಲಿಯೇ ಈ ಚೀಟಿಗೆ ಕ್ಯಾಶ್ ಕಂಟ್ರೋಲ್ ಎಂಬ ಹೆಸರಿದೆ. ಮ್ಯಾಕ್ಸ್ ಏಜ್ ೩೧೫೩೬೦೦೦ ಎಂದು ಬರೆದರೆ ಅಷ್ಟು ಸೆಕೆಂಡು, ಅಂದರೆ ಒಂದು ವರುಷ ಇಟ್ಟುಕೊಳ್ಳಬಹುದು. ನೋ ಕ್ಯಾಶ್ ಎಂದರೆ, ಹೆಸರು ಕೇಳಿ ಮೋಸಹೋಗಬಾರದು, ಇಟ್ಟುಕೊ ಆದರೆ ಪ್ರತಿ ಸಲ ಕೇಳಿ ಬಳಸು ಎಂದರ್ಥ. ನೋ ಸ್ಟೋರ್ ಎಂದರೆ ಇಟ್ಟುಕೊಳ್ಳಲೇಬೇಡ ಎಂದರ್ಥ. ಕೇಳಿದಾಗ ಚಿತ್ರ ಬದಲಾಗಿರದಿದ್ದರೆ ಸರ್ವರು ೩೦೪ ಎಂಬ ಸಣ್ಣ ಉತ್ತರ ಕಳಿಸುತ್ತದೆ. ಚಿತ್ರ ಮತ್ತೆ ಬರುವದಿಲ್ಲ. ಆದರೂ ಹೋಗಿ ಕೇಳಿ ಬರುವ ಹೊತ್ತು ಹೋಗಿಯೇ ಹೋಗುತ್ತದೆ.

ನಾವು ಎಲ್ಲಿಂದಲೋ ತೆಗೆದುಕೊಂಡ ಕೋಡಿನಲ್ಲಿ ನೋ ಸ್ಟೋರ್ ಎಂದಿತ್ತು. ಅದು ಬ್ಯಾಂಕಿನ ಖಾತೆಯ ಪುಟಕ್ಕೆ ತಕ್ಕ ಮಾತು. ನಿಂಬೆಯ ತೋಟದ ಚಿತ್ರಕ್ಕೆ ಏಕೆ? ಅದು ಸಾಲದೆಂಬಂತೆ ನಮ್ಮ ಗೆಳೆಯನೊಬ್ಬ ಪ್ರತಿ ಚಿತ್ರದ ವಿಳಾಸದ ಬಾಲಕ್ಕೆ ಆ ಕ್ಷಣದ ಗಡಿಯಾರದ ಸಮಯವನ್ನು ಅಂಟಿಸಿದ್ದ. ಚಿತ್ರ ಬದಲಿಸಿದಾಗ ಹೊಸದೇ ಕಾಣಲೆಂಬ ಒಳ್ಳೆಯ ಉದ್ದೇಶ ಅವನದು. ಆದರೆ ಬ್ರೌಸರು ಗುರುತು ಹಿಡಿಯುವದು ವಿಳಾಸದಿಂದ. ಪ್ರತಿ ಸಲ ವಿಳಾಸ ಬೇರೆಯಾದರೆ ಅದಕ್ಕೆ ಅದು ಪ್ರತಿ ಸಲ ಹೊಸ ಚಿತ್ರವೇ. ಒಬ್ಬನೇ ಮನುಷ್ಯ ದಿನಕ್ಕೊಂದು ಹೆಸರು ಹೇಳಿಕೊಂಡು ಬಂದರೆ ಅಂಗಡಿಯವನು ಉದ್ರಿ ಖಾತೆಯನ್ನು ಎಲ್ಲಿ ಹುಡುಕಬೇಕು? ಇದಕ್ಕೆ ಸರಿಯಾದ ಉಪಾಯವೆಂದರೆ ಚಿತ್ರ ನಿಜವಾಗಿ ಬದಲಾದಾಗ ಮಾತ್ರ ಅದರ ಹೆಸರನ್ನು ಬದಲಿಸುವದು.

ಇಲ್ಲಿಯೇ ನಾವು ಒಂದು ದಿನ ದಾರಿ ತಪ್ಪಿದೆವೆಂಬದನ್ನೂ ಹೇಳಬೇಕು. ಮೇಲಿನ ಎರಡನ್ನೂ ತಿದ್ದಿದರೂ ಫಲಕದಲ್ಲಿ ಚಿತ್ರಗಳು ಮತ್ತೆ ಮತ್ತೆ ಬರುತ್ತಿದ್ದವು. ತಲೆ ಕೆರೆದುಕೊಂಡೆವು. ಕೊನೆಗೆ ನೋಡಿದರೆ, ಆ ಫಲಕದಲ್ಲಿಯೇ ಕ್ಯಾಶ್ ಬೇಡವೆನ್ನುವ ಒಂದು ಚೌಕಿಗೆ ಯಾರೋ ಗುರುತು ಹಾಕಿದ್ದರು. ಫಲಕ ತೆರೆದಿರುವವರೆಗೆ ಹಗೇವಿನ ಬಾಯಿ ಮುಚ್ಚಿರುತ್ತದೆ. ರೋಗಿಯನ್ನು ಪರೀಕ್ಷಿಸುವ ಮೊದಲು ವೈದ್ಯನು ತನ್ನ ಕೈ ತಣ್ಣಗಿದೆಯೇ ಎಂದು ನೋಡಿಕೊಳ್ಳಬೇಕು.

ಮೂರನೆಯದು, ಕಿಟಕಿಯನ್ನು ಪ್ರತಿ ಸಲ ಕೆಡವಿ ಕಟ್ಟುತ್ತಿದ್ದುದು. ಮುಚ್ಚಿದಾಗ ನಮ್ಮ ಕೋಡು ಕಿಟಕಿಯನ್ನೇ ಅಳಿಸಿಹಾಕುತ್ತಿತ್ತು. ತೆರೆದಾಗ ಇಪ್ಪತ್ನಾಲ್ಕೂ ಚಿತ್ರಗಳ ಸಾಲಿನೊಡನೆ ಹೊಸದಾಗಿ ಕಟ್ಟುತ್ತಿತ್ತು. ಒಂದು ಚಿತ್ರ ನೋಡಬೇಕೆಂದವನಿಗೆ ೯೬ ಎಮ್.ಬಿ. ಹೊರೆ! ಹತ್ತು ಸಲ ತೆರೆದು ಪೂರ್ತಿ ಬರುವವರೆಗೆ ಕಾಯ್ದರೆ ೯೬೦ ಎಮ್.ಬಿ. ತಂಗಿಯ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು. ಇದಲ್ಲದೆ ಪ್ರತಿ ಸಲ ತೆರೆದಾಗ ಮುಂದೆ ಹಿಂದೆ ಎಂಬ ಗುಂಡಿಗಳಿಗೆ ಹೊಸದೊಂದು ಆಜ್ಞೆ ಅಂಟುತ್ತಿತ್ತು, ಹಳೆಯದು ಕಳಚುತ್ತಿರಲಿಲ್ಲ. ಐದನೆಯ ಸಲ ಒತ್ತಿದರೆ ಒಂದೇ ಕೆಲಸ ಐದು ಸಲ ನಡೆಯುತ್ತಿತ್ತು. ಗಂಟೆ ಬಾರಿಸಿದಾಗಲೆಲ್ಲ ಹೊಸ ಸಿಪಾಯಿಯನ್ನು ನೇಮಿಸಿಕೊಂಡು ಹಳಬನನ್ನು ಬಿಡಿಸದಿದ್ದರೆ ಕಚೇರಿಯಲ್ಲಿ ಆಗುವ ಗದ್ದಲವೇ ಇದು. ಒಂದೇ ಕಿಟಕಿಯನ್ನು ಒಮ್ಮೆ ಕಟ್ಟಿ ಇಟ್ಟುಕೊಂಡು, ಒಳಗಿನ ಒಂದು ಚಿತ್ರ ಮತ್ತು ನಾಲ್ಕು ಸಾಲು ಮಾತ್ರ ಬದಲಿಸಿದರೆ ಸಾಕು. ಈಗಂತೂ ಡೈಲಾಗ್ ಎಂಬ ಸಿದ್ಧ ಕಿಟಕಿ ಬ್ರೌಸರಿನಲ್ಲಿಯೇ ಇದೆ. ೨೦೨೨ರ ಮಾರ್ಚ್ ಹೊತ್ತಿಗೆ ಎಲ್ಲ ಮುಖ್ಯ ಬ್ರೌಸರುಗಳೂ ಅದನ್ನು ಒಪ್ಪಿಕೊಂಡವು.

ಇದರ ಜೊತೆಗೆ ಒಂದು ಎಚ್ಚರಿಕೆ. ಕಿಟಕಿಯನ್ನು ಕಾಣದಂತೆ ಮರೆಮಾಡಿ ಇಟ್ಟರೆ ಅದರೊಳಗಿನ ಚಿತ್ರಗಳು ಬರುವದಿಲ್ಲವೆಂದು ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ಸಾಮಾನ್ಯವಾಗಿ ಬರೆದ ಚಿತ್ರದ ಗುರುತು ಮರೆಯಲ್ಲಿದ್ದರೂ ಬ್ರೌಸರು ಅದನ್ನು ತರಿಸಿಯೇ ತರಿಸುತ್ತದೆ. ಬೇಕಾದಾಗ ಮಾತ್ರ ತರಿಸು ಎನ್ನಲು ಲೇಜಿ ಎಂಬ ಮಾತನ್ನು ಸೇರಿಸಬೇಕು, ಇಲ್ಲವೆ ಒತ್ತಿದ ಮೇಲೆಯೇ ವಿಳಾಸವನ್ನು ಕೊಡಬೇಕು. ಲೇಜಿ ಎಂದರೆ ಸೋಮಾರಿ ಎಂದರ್ಥ. ಸೋಮಾರಿತನವು ಸದ್ಗುಣವಾಗಿರುವ ಸ್ಥಳ ನನಗೆ ಗೊತ್ತಿದ್ದಂತೆ ಇದೊಂದೇ.

ನಾಲ್ಕನೆಯದು ಅನುಕ್ರಮದ ತಪ್ಪು. ದೊಡ್ಡ ಚಿತ್ರ ಪೂರ್ತಿ ಬಂದ ಮೇಲೆಯೇ ಕಿಟಕಿ ತೆರೆಯಲೆಂದು ನಾವು ಬರೆದಿದ್ದೆವು. ಖಾಲಿ ಕಿಟಕಿ ಕಂಡರೆ ಅಂದಗೆಡುತ್ತದೆಂಬ ಯೋಚನೆ. ಒತ್ತಿದವನಿಗೆ ಮಾತ್ರ ಏನೂ ಆಗದಂತೆ ತೋರುತ್ತಿತ್ತು. ಅವನು ಮತ್ತೆ ಮತ್ತೆ ಒತ್ತುತ್ತಿದ್ದ. ಮನೆಗೆ ಬಂದವರಿಗೆ ಅಡಿಗೆಯಾಗುವವರೆಗೆ ಬಾಗಿಲು ತೆರೆಯದಿರುವದು ಯಾವ ಊರಿನ ರೀತಿ? ಬಂದವರನ್ನು ಮೊದಲು ಒಳಗೆ ಕರೆದು, ಕೂಡ್ರಿಸಿ, ನೀರು ಕೊಟ್ಟು, ಆಮೇಲೆ ಒಲೆಯ ಕಡೆ ಹೋಗುವದು ಬಸವಣ್ಣನವರು ಹುಟ್ಟಿದ ನಾಡಿನವರಿಗೆ ಹೇಳಿಕೊಡಬೇಕಾದ ಪಾಠವೇ? ಒತ್ತಿದೊಡನೆ ಕಿಟಕಿ ತೆರೆಯಲಿ, ಬರಹ ಕಾಣಲಿ, ಚಿತ್ರದ ಅಗಲ ಎತ್ತರಗಳನ್ನು ಮೊದಲೇ ಹೇಳಿ ಜಾಗ ಹಿಡಿದಿಡಲಿ, ಚಿತ್ರ ಹಿಂದಿನಿಂದ ಬಂದು ಕುಳಿತುಕೊಳ್ಳಲಿ. ಯಾಕೋಬ್ ನೀಲ್ಸನ್ ಎಂಬ ತಜ್ಞರು ೧೯೯೩ರಲ್ಲಿಯೇ ಮೂರು ಮಿತಿಗಳನ್ನು ಬರೆದಿಟ್ಟಿದ್ದಾರೆ: ಒಂದು ಸೆಕೆಂಡಿನ ಹತ್ತನೆಯ ಭಾಗದೊಳಗೆ ಉತ್ತರ ಬಂದರೆ ಅದು ಕೂಡಲೇ ಆದಂತೆ ತೋರುತ್ತದೆ; ಒಂದು ಸೆಕೆಂಡಿನವರೆಗೆ ವಿಚಾರದ ಎಳೆ ಹರಿಯುವದಿಲ್ಲ; ಹತ್ತು ಸೆಕೆಂಡು ದಾಟಿದರೆ ಮನುಷ್ಯನ ಗಮನ ಬೇರೆ ಕಡೆ ಹೋಗುತ್ತದೆ. ೨೦೨೪ರ ಮಾರ್ಚಿನಿಂದ ಗೂಗಲ್ ಸಂಸ್ಥೆಯೂ ತನ್ನ ಮುಖ್ಯ ಅಳತೆಗಳಲ್ಲಿ ಇಂಥದೊಂದನ್ನು ಸೇರಿಸಿದೆ: ಒತ್ತಿದಾಗಿನಿಂದ ತೆರೆಯ ಮೇಲೆ ಏನಾದರೂ ಬದಲಾಗಿ ಕಾಣುವವರೆಗೆ ೨೦೦ ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಐದನೆಯ ಒಂದು ಭಾಗ ಮೀರದಿದ್ದರೆ ಉತ್ತಮವೆಂದು ಅದರ ಎಣಿಕೆ.

ಐದನೆಯದು ಅಲಂಕಾರದ ಹುಚ್ಚು. ಹಿಂದಿನ ಪುಟವನ್ನು ಮಂಜು ಕವಿದಂತೆ ಮಾಡಿದ್ದೆವು. ಕಿಟಕಿ ನಿಧಾನವಾಗಿ ಅರಳಿ ದೊಡ್ಡದಾಗುವಂತೆ ಮಾಡಿದ್ದೆವು. ಬ್ರೌಸರಿನಲ್ಲಿ ಕೋಡು ನಡೆಸುವದು, ಪುಟದ ಅಳತೆ ಹಾಕುವದು, ಒತ್ತಿದ್ದಕ್ಕೆ ಓಗೊಡುವದು ಬಹುಮಟ್ಟಿಗೆ ಒಬ್ಬನೇ ಗುಮಾಸ್ತನ ಕೆಲಸ. ತೆರೆ ಸೆಕೆಂಡಿಗೆ ೬೦ ಸಲ ಬದಲಾಗಬೇಕಾದರೆ ಒಂದೊಂದು ಸಲಕ್ಕೆ ಅವನಿಗೆ ಸಿಗುವದು ಸುಮಾರು ೧೬ ಮಿಲಿಸೆಕೆಂಡು. ಅಗಲ ಎತ್ತರಗಳನ್ನೇ ಕ್ಷಣಕ್ಷಣಕ್ಕೆ ಬದಲಿಸಿದರೆ ಅವನು ಇಡೀ ಪುಟವನ್ನು ಮತ್ತೆ ಮತ್ತೆ ಅಳೆಯಬೇಕಾಗುತ್ತದೆ. ಮಂಜಿನ ಕೆಲಸವಂತೂ ಸಾದಾ ಫೋನಿಗೆ ಇನ್ನೂ ಭಾರ. ಮಂಜಿನ ಬದಲು ತೆಳುವಾದ ಕಪ್ಪು ಪರದೆ ಹಾಕಿ, ಕಿಟಕಿ ಮಸುಕಿನಿಂದ ಸ್ಪಷ್ಟವಾಗುವಂತೆ ಮಾತ್ರ ಮಾಡಿದೆವು. ಯಾರೂ ಮಂಜು ಎಲ್ಲಿ ಹೋಯಿತೆಂದು ಕೇಳಲಿಲ್ಲ.

ಆರನೆಯದನ್ನು ತೋರಿಸಿಕೊಟ್ಟವರು ಕಾಕಾ. ಕಿಟಕಿ ಮುಚ್ಚಲು ಅವರು ಮೇಲಿನ ಸಣ್ಣ ಗುಣಿಸು ಚಿಹ್ನೆಯನ್ನು ಹುಡುಕುತ್ತಿರಲಿಲ್ಲ; ಫೋನಿನ ಹಿಂದಕ್ಕೆ ಹೋಗುವ ಗುಂಡಿಯನ್ನು ಒತ್ತುತ್ತಿದ್ದರು. ಅದರಿಂದ ಕಿಟಕಿಯ ಬದಲು ಇಡೀ ಜಾಲತಾಣವೇ ಮುಚ್ಚುತ್ತಿತ್ತು. ಮತ್ತೆ ಬಂದರೆ ಎಲ್ಲವೂ ಮೊದಲಿನಿಂದ. ಇದು ಅವರ ಅಜ್ಞಾನವಲ್ಲ. ಫೋನು ಬಳಸುವ ಎಲ್ಲರ ಅಭ್ಯಾಸ. ಆ ಗುಂಡಿಗೆ ಕಿಟಕಿಯಷ್ಟೇ ಮುಚ್ಚುವಂತೆ ಮಾಡುವದು ಕಟ್ಟಿದವನ ಕೆಲಸ.

ಇಷ್ಟೆಲ್ಲ ತಿದ್ದಿದ ಮೇಲೆ ಲೆಕ್ಕ ಹಾಕಿದೆವು. ಸಣ್ಣ ಚಿತ್ರಗಳು ತಲಾ ೧೫ ಕೆ.ಬಿ.; ಇಪ್ಪತ್ನಾಲ್ಕು ಸೇರಿ ೩೬೦ ಕೆ.ಬಿ. ದೊಡ್ಡವು ತಲಾ ೧೫೦ ಕೆ.ಬಿ.; ಎಲ್ಲವನ್ನೂ ಒಂದೊಂದು ಸಲ ನೋಡಿದರೂ ೩.೬ ಎಮ್.ಬಿ. ಅಂತೂ ಒಟ್ಟು ಸುಮಾರು ೪ ಎಮ್.ಬಿ. ಎರಡನೆಯ ಸಲ ನೋಡಿದರೆ ಚಿತ್ರಕ್ಕಾಗಿ ಹೊಸ ಖರ್ಚು ಬಹುಶಃ ಏನೂ ಇಲ್ಲ. ಮೊದಲು ಒಂದೇ ಚಿತ್ರ ತೂಗುತ್ತಿದ್ದಷ್ಟರಲ್ಲಿ ಈಗ ಇಡೀ ನಾಲ್ಕು ತಾಲೂಕುಗಳು ಬಂದುಬಿಟ್ಟವು. ಊರು ಅದೇ, ಗೋಪುರ ಅದೇ, ಕಾಕಾನ ಫೋನೂ ಅದೇ. ಮಾಳಿಗೆ ಹತ್ತದೆ ಕಟ್ಟೆಯ ಮೇಲೆ ಕುಳಿತೇ ನೋಡಿದರು. ಹಾಗಾದರೆ ಮೊದಲು ನಾನು ನೆಟ್‌ವರ್ಕಿನ ಮೇಲೆ ಹೊರಿಸಿದ ತಪ್ಪು ಯಾರದಾಗಿತ್ತು?

ನೆಟ್‌ವರ್ಕಿನಲ್ಲಿ ದೋಷವೇ ಇಲ್ಲವೆಂದು ನಾನು ಹೇಳುವದಿಲ್ಲ. ವಿದ್ಯುತ್ತು ಹೋದಾಗ, ಮಳೆಗಾಳಿ ಬೀಸಿದಾಗ, ಸಂಜೆ ಎಲ್ಲರೂ ಒಮ್ಮೆಗೆ ಫೋನು ಹಿಡಿದಾಗ ನಮ್ಮ ಹಳ್ಳಿಗಳಲ್ಲಿ ವೇಗ ಕುಗ್ಗುವದು ನಿಜ. ಅದು ಸುಧಾರಿಸಲೇಬೇಕು. ಆದರೆ ರಸ್ತೆ ಕೆಟ್ಟಿದೆಯೆಂದು ಗೊತ್ತಿದ್ದ ಗಾಡಿಯವನು ಬಂಡಿಗೆ ಹೆಚ್ಚು ಹೇರುವದಿಲ್ಲ. ನಾವು ಮಾತ್ರ ರಸ್ತೆಯನ್ನು ಬೈಯುತ್ತ ಬೇಡವಾದ ಕಲ್ಲುಗಳನ್ನೆಲ್ಲ ಹೇರುತ್ತಿದ್ದೇವೆ. ಹೊಸ ಫೋನು ಕೊಳ್ಳಿರಿ ಎಂಬ ಸಲಹೆಯೂ ಇದೇ ಜಾತಿಯದು. ಬಡವನ ಫೋನಿಗೆ ಹೊಂದುವಂತೆ ಪುಟವನ್ನು ಹಗುರ ಮಾಡುವದಕ್ಕೆ ನಮಗೆ ತಗಲಿದ್ದು ಮೂರು ದಿನದ ಶ್ರಮ. ಒಂದು ಹಳ್ಳಿಯ ಎಲ್ಲ ಫೋನುಗಳನ್ನು ಬದಲಿಸುವದಕ್ಕೆ ತಗಲುವ ಹಣ ಎಷ್ಟು?

"ನೀವು ಕಲಾ ವಿಭಾಗದವರು, ಇತಿಹಾಸ ಸಾಹಿತ್ಯ ಓದುವವರು, ಈ ಯಂತ್ರದ ಗೊಡವೆ ನಿಮಗೇಕೆ?" ಎಂದು ನಮ್ಮ ಮಾನ್ಯ ಗುರುಗಳೊಬ್ಬರು ವಿನೋದವಾಗಿ ಕೇಳಿದರು. ಅವರಿಗೆ ನಾನು ವಿನಯದಿಂದ ಹೇಳುವದಿಷ್ಟೇ. ಇಂದು ಪ್ರವೇಶದ ಅರ್ಜಿ, ಪರೀಕ್ಷೆಯ ಶುಲ್ಕ, ವಿದ್ಯಾರ್ಥಿವೇತನ, ಪಹಣಿ ಪತ್ರ, ಎಲ್ಲವೂ ಈ ತೆರೆಯ ಮೂಲಕವೇ ಬರುತ್ತವೆ. ಅದನ್ನು ಕಟ್ಟುವವನಿಗೆ ಯಂತ್ರ ಗೊತ್ತಿದ್ದರೆ ಸಾಲದು. ಅದರ ಮುಂದೆ ಕಾಯುವವರು ಯಾರು, ಅವರ ಹೊತ್ತಿನ ಬೆಲೆಯೇನು ಎಂಬದೂ ಗೊತ್ತಿರಬೇಕು. ಓದುಗನನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆಯಿರೆಂದು ಸಾಹಿತ್ಯದ ತರಗತಿಯಲ್ಲಿ ಅವರೇ ನಮಗೆ ಕಲಿಸಿದ್ದಾರೆ. ನಾನು ಆ ಪಾಠವನ್ನು ಪ್ರಬಂಧಕ್ಕೆ ಮಾತ್ರ ಅನ್ವಯಿಸಿ, ಜಾಲತಾಣಕ್ಕೆ ಮರೆತಿದ್ದೆ. ತಪ್ಪು ಅಲ್ಲಿ ಆಯಿತು.

ಆದ್ದರಿಂದ ನಮ್ಮ ಕಾಲೇಜಿನ ಮುಂದೆ ಮೂರು ಸೂಚನೆಗಳನ್ನು ಇಡಬಯಸುತ್ತೇನೆ. ಒಂದು: ವಿದ್ಯಾರ್ಥಿಗಳು ಮಾಡುವ ಯಾವದೇ ಜಾಲತಾಣವನ್ನು ಪ್ರಕಟಿಸುವ ಮೊದಲು ನಾಲ್ಕು ತಾಲೂಕುಗಳ ನಾಲ್ಕು ಹಳ್ಳಿಗಳಲ್ಲಿ, ಸಂಜೆಯ ಹೊತ್ತು, ಸಾದಾ ಫೋನಿನಲ್ಲಿ ತೆರೆದು ನೋಡಬೇಕು. ನಮ್ಮ ತರಗತಿಗಳಲ್ಲಿ ಎಲ್ಲ ಕಡೆಯ ವಿದ್ಯಾರ್ಥಿಗಳೂ ಇರುವದರಿಂದ ಇದಕ್ಕೆ ಒಂದು ಪೈಸೆಯೂ ಬೇಡ. ಎರಡು: ಸೂಚನಾಪತ್ರಗಳನ್ನು ಕಾಗದದ ಚಿತ್ರ ತೆಗೆದು ಕಿಟಕಿಯೊಳಗೆ ತೂಗುಹಾಕುವ ಪದ್ಧತಿಯನ್ನು ಬಿಡಬೇಕು. ಬರಹವು ಬರಹವಾಗಿಯೇ ಇರಲಿ. ಬರಹ ಹಗುರ; ಹುಡುಕಿದರೆ ಸಿಗುತ್ತದೆ; ಕಣ್ಣು ಕಾಣದ ಸಹಪಾಠಿಯ ಫೋನು ಅದನ್ನು ಓದಿ ಹೇಳಬಲ್ಲದು, ಬರಿಯ ಚಿತ್ರವನ್ನಾದರೆ ಸರಿಯಾಗಿ ಓದುವ ಭರವಸೆಯಿಲ್ಲ. ಮೂರು: ಕಿಟಕಿ ನಿಜವಾಗಿಯೂ ಬೇಕೇ ಎಂದು ಮೊದಲು ಕೇಳಿಕೊಳ್ಳಬೇಕು. ನಾಲ್ಕು ಸಾಲಿನ ಮಾತನ್ನು ಪುಟದ ಮೇಲೆಯೇ ಬರೆಯಲು ಬರುವಂತಿದ್ದರೆ, ಅದನ್ನು ಬಾಗಿಲ ಹಿಂದೆ ಬಚ್ಚಿಟ್ಟು ಬಾಗಿಲು ಕಾಯುವ ಸಿಪಾಯಿಯನ್ನು ಇಡುವದೇಕೆ?

ನಮ್ಮ ಜಾಲತಾಣದಲ್ಲಿ ಈಗ ಹೊಸ ಚಿತ್ರವನ್ನು ಸೇರಿಸುವ ಮೊದಲು ಒಂದು ನಿಯಮವಿದೆ. ವಿಳಾಸವನ್ನು ಮೊದಲು ನನ್ನ ತಂಗಿಗೆ ಕಳಿಸುತ್ತೇವೆ. ಅವಳು ತೆರೆದು, ಮುಚ್ಚಿ, ಮತ್ತೆ ತೆರೆದು, ಎಷ್ಟು ಡೇಟಾ ಹೋಯಿತೆಂದು ನೋಡಿ ಹೇಳುತ್ತಾಳೆ. ಕಳೆದ ತಿಂಗಳು ತಾಳಿಕೋಟೆಯ ಒಂದು ಚಿತ್ರವನ್ನು ಅವಸರದಲ್ಲಿ ಹಾಗೆಯೇ ಏರಿಸಿದ್ದೆವು. "ಅಣ್ಣಾ, ಇದು ಭಾರ ಆಗೇತಿ, ಸಣ್ಣದು ಮಾಡಿ ಹಾಕು" ಎಂದು ಎರಡು ನಿಮಿಷದಲ್ಲಿ ತಿರುಗಿ ಹೇಳಿದಳು. ನಾನು ಮರುಮಾತಾಡದೆ ಸಣ್ಣದು ಮಾಡಿ ಹಾಕಿದೆ. ಸಹಪಾಠಿಗಳಾದ ನಿಮ್ಮ ಮನೆಗಳಲ್ಲಿಯೂ ಇಂಥ ಪರೀಕ್ಷಕರು ಇದ್ದೇ ಇರುತ್ತಾರೆ. ಮುಂದಿನ ಸಲ ನೀವು ಏನನ್ನಾದರೂ ಕಟ್ಟಿದಾಗ ಮೊದಲು ಅವರಿಗೆ ತೋರಿಸಿರಿ ಎಂದು ಬೇಡಿಕೊಂಡು, ನನ್ನ ಲೇಖನಿಯನ್ನು ಕೆಳಗಿಡುತ್ತೇನೆ.

— ಬಿ. ಎ. ಅಂತಿಮ ವರ್ಷದ ವಿದ್ಯಾರ್ಥಿ